ಮೀಟರ್‌ಗೇಜ್ ಹಾದಿ ಹಿಡಿದು: ಮೈಸೂರು, ಶ್ರೀರಂಗಪಟ್ಟಣ, ನಂಜನಗೂಡು

ಹಳೇ ಮೈಸೂರು ಸೀಮೆಯಲ್ಲಿ ಈಗ ಮೀಟರ್‌ಗೇಜ್, ಅಂದರೆ ಒಂದು ಮೀಟರ್ ಅಗಲದ, ಹಳಿಯ ಮೇಲೆ ಒಂದು ರೈಲೂ ಓಡುವುದಿಲ್ಲ. ನೂರು ವರ್ಷಕ್ಕೂ ಜಾಸ್ತಿ ಕಾಲ ಈ ಕಡೆಯ ಜನ, ಬೆಲ್ಲ, ರೇಷ್ಮೆ, ಟಪಾಲು ಎಲ್ಲ ಓಡಾಡಿದ್ದು ಆ ಸಣ್ಣ ಹಳಿಯ ಮೇಲೆಯೇ. ಈಗ ಆ ಕಾಲದ ಇಂಜಿನ್ನು, ಬೋಗಿಗಳನ್ನು ಹತ್ತಿರದಿಂದ ನೋಡಬೇಕು ಅಂದರೆ ಮೈಸೂರಿನ ರೈಲ್ವೆ ಮ್ಯೂಸಿಯಂಗೇ ಹೋಗಬೇಕು.

ಮಗನಿಗೆ ಬೇಸಿಗೆ ರಜೆ. ರೈಲು ಅಂದರೆ ಅವನಿಗೆ ಪ್ರಾಣ. ಮೈಸೂರಿನಲ್ಲಿ ನನ್ನ ದೊಡ್ಡಪ್ಪ ಇದ್ದಾರೆ. ಅವರು ಸ್ಟೀಮ್ ಇಂಜಿನ್‌ನಲ್ಲಿ ಫೈರ್‌ಮನ್ ಆಗಿ, ಅಂದರೆ ಬೆಂಕಿಗೆ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಸೇರಿದವರು, ಡೀಸೆಲ್ ಕಾಲದಲ್ಲಿ ಡ್ರೈವರ್ ಆಗಿ ರಿಟೈರ್ ಆದವರು. "ಮ್ಯೂಸಿಯಂ ಒಂದೇ ನೋಡಿ ಹೋದ್ರೆ ಪ್ರಯೋಜನ ಇಲ್ಲ ಕಣಮ್ಮ. ಶ್ರೀರಂಗಪಟ್ಟಣ, ನಂಜನಗೂಡು ಎರಡೂ ಸೇರಿಸ್ಕೊ. ಆಗ ಕಥೆ ಪೂರ್ತಿ ಗೊತ್ತಾಗತ್ತೆ" ಅಂತ ಫೋನಿನಲ್ಲೇ ಹೇಳಿದ್ದರು. ಹಾಗೇ ಮಾಡಿದೆವು.

ಶುಕ್ರವಾರ, ಮೈಸೂರು

ಬೆಳಗಿನ ರೈಲಿಗೆ ಬೆಂಗಳೂರು ಬಿಟ್ಟೆವು. ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ. ಕಾರಿನಲ್ಲಿ ಹೋಗುವವರಿಗೆ ಈಗ ಈ ಊರುಗಳು ಸಿಗುವುದೇ ಇಲ್ಲ, ಹೆದ್ದಾರಿ ಎಲ್ಲವನ್ನೂ ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ರೈಲು ಮಾತ್ರ ಇವತ್ತಿಗೂ ಒಂದೊಂದು ಊರನ್ನೂ ಮುಟ್ಟಿಕೊಂಡೇ ಹೋಗುತ್ತದೆ.

ಈ ದಾರಿ ಹುಟ್ಟಿದ್ದು ಕಷ್ಟಕಾಲದಲ್ಲಿ. ಮದ್ರಾಸ್ ಕಡೆಯಿಂದ ಬ್ರಾಡ್‌ಗೇಜ್, ಅಂದರೆ ಅಗಲ ಹಳಿ 1864ರಲ್ಲೇ ಬೆಂಗಳೂರಿನ ದಂಡಿನ ಪ್ರದೇಶಕ್ಕೆ ಬಂದಿತ್ತು. ಅದು ಕಂಟೋನ್ಮೆಂಟಿಗೇ ನಿಂತಿತು. ಅಲ್ಲಿಂದ ಮೈಸೂರಿಗೆ ಹಳಿ ಹಾಕುವ ಕೆಲಸ ಶುರುವಾದದ್ದು 1876ರಿಂದ 1878ರವರೆಗೆ ನಾಡನ್ನು ಹಿಂಡಿದ ಆ ಭಯಂಕರ ಬರಗಾಲದಲ್ಲಿ. ಲಕ್ಷಾಂತರ ಜನ ಸತ್ತರು. ಬದುಕಿದ್ದವರಿಗೆ ಕೂಲಿ ಕೊಡಬೇಕಿತ್ತು. ಆಗ ಮಣ್ಣು ಹೊರುವ ಕೆಲಸ, ಏರಿ ಕಟ್ಟುವ ಕೆಲಸ ಬರ ಪರಿಹಾರದ ಕಾಮಗಾರಿಯಾಯಿತು. ಇವತ್ತು ನಾವು ಕಾಫಿ ಕುಡಿಯುತ್ತಾ ದಾಟುವ ಈ ಏರಿಗಳಲ್ಲಿ ಎಷ್ಟೋ ಕಡೆ ಹಸಿದವರು ಬುಟ್ಟಿಯಲ್ಲಿ ಹೊತ್ತು ತಂದ ಮಣ್ಣಿದೆ. ಕಿಟಕಿ ಪಕ್ಕ ಕೂತು ಇದನ್ನು ನೆನೆಸಿಕೊಂಡರೆ ಮನಸ್ಸು ಭಾರವಾಗುತ್ತದೆ. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂತು, ರಂಗಾಚಾರ್ಲು ದಿವಾನರಾದರು. ಮರುವರ್ಷ, 1882ರಲ್ಲಿ, ಮೈಸೂರಿಗೆ ರೈಲು ಬಂತು.

ಮದ್ದೂರಿನಲ್ಲಿ ವಡೆ ಬಂತು. ಮದ್ದೂರು ವಡೆ ಹುಟ್ಟಿದ್ದೇ ಈ ಸ್ಟೇಷನ್ನಿನ ತಿಂಡಿ ಅಂಗಡಿಯಲ್ಲಿ ಅಂತ ಹೇಳ್ತಾರೆ. ಈರುಳ್ಳಿ ಗರಿಗರಿ ಆಗಿತ್ತು, ಬಿಸಿ ಇನ್ನೂ ಆರಿರಲಿಲ್ಲ. ಮಗ ನನ್ನ ಪಾಲನ್ನೂ ತಿಂದ.

ಮ್ಯೂಸಿಯಂ ಇರುವುದು ಸ್ಟೇಷನ್ನಿಗೆ ಹತ್ತಿರದಲ್ಲೇ, ಕೆಆರ್‌ಎಸ್ ರಸ್ತೆಯಲ್ಲಿ, ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಎದುರು. 1979ರಲ್ಲಿ ಶುರುವಾಯಿತು. ದೆಹಲಿಯ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂ ಆದ ಮೇಲೆ ದೇಶದಲ್ಲಿ ತೆರೆದ ಎರಡನೇ ರೈಲ್ವೆ ಮ್ಯೂಸಿಯಂ ಇದು. 2020ರಲ್ಲಿ ದುರಸ್ತಿ ಮಾಡಿ ಹೊಸದಾಗಿ ಸಜ್ಜುಗೊಳಿಸಿದರು. ಮರಗಳ ನೆರಳಿದೆ, ಹುಲ್ಲುಹಾಸಿದೆ, ಮಕ್ಕಳಿಗೆ ಪುಟಾಣಿ ರೈಲಿದೆ. ಗೇಟಿನ ಹತ್ತಿರ ದೊಡ್ಡಪ್ಪ ನಮಗಿಂತ ಮೊದಲೇ ಬಂದು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈಯಲ್ಲಿ ಕೊಡೆ.

ಮಗ ಪುಟಾಣಿ ರೈಲಿನ ಕಡೆ ಓಡಿದ. ದೊಡ್ಡಪ್ಪ ಅವನ ಕೈ ಹಿಡಿದುಕೊಂಡು, "ಅದು ಆಮೇಲೆ. ಮೊದ್ಲು ಇಲ್ಲಿ ಬಾ ಮರಿ" ಅಂತ ಹಳಿಯ ಹತ್ತಿರ ಕರೆದುಕೊಂಡು ಹೋದರು. "ಎರಡೂ ಕೈ ಚಾಚು." ಅವನು ಬಗ್ಗಿ ಕೈ ಚಾಚಿದ. ಒಂದು ಹಳಿಯಿಂದ ಇನ್ನೊಂದು ಹಳಿ ಅವನ ಮಾರಿನೊಳಗೇ ಸಿಕ್ಕಿತು, ಬೆರಳುಗಳು ಆಚೆಗೂ ಚಾಚಿದವು. "ಇದು ಮೀಟರ್‌ಗೇಜ್. ಒಂದು ಮೀಟರ್, 1000 ಮಿಲಿಮೀಟರ್. ನೀನು ಬೆಳಗ್ಗೆ ಬಂದೆಯಲ್ಲ ಆ ಹಳಿ 1676. ಅದಕ್ಕೆ ನಿನ್ನ ಮಾರು ಸಾಲಲ್ಲ." ಇಷ್ಟು ಸುಲಭವಾಗಿ ಗೇಜ್ ಅಂದರೇನು ಅಂತ ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಮೀಟರ್‌ಗೇಜ್ ಬಂದದ್ದು ದುಡ್ಡಿನ ಲೆಕ್ಕಾಚಾರದಿಂದ. ವೈಸ್‌ರಾಯ್ ಮೇಯೋ ಕಾಲದಲ್ಲಿ, 1870ರ ಸುಮಾರಿಗೆ, ಅಗಲ ಹಳಿ ದುಬಾರಿ ಆಯಿತು, ಸಣ್ಣ ಹಳಿ ಹಾಕಿದರೆ ಖರ್ಚು ಕಡಿಮೆ ಅಂತ ತೀರ್ಮಾನವಾಯಿತು. ಸೇತುವೆ ಸಣ್ಣದು, ತಿರುವು ಬಿಗಿ, ಇಂಜಿನ್ ಹಗುರ. ಹೀಗಾಗಿ ಬರದಿಂದ ಬಸವಳಿದಿದ್ದ ರಾಜ್ಯಕ್ಕೂ ರೈಲು ಕೈಗೆಟುಕಿತು. ಅದರ ಇನ್ನೊಂದು ಮುಖ ಬೆಂಗಳೂರಿನಲ್ಲಿ ಕಾಣುತ್ತಿತ್ತು. ಮದ್ರಾಸಿನಿಂದ ಬಂದ ಸರಕನ್ನೆಲ್ಲ ಒಂದು ಗಾಡಿಯಿಂದ ಇಳಿಸಿ ಇನ್ನೊಂದು ಗಾಡಿಗೆ ತುಂಬಬೇಕಿತ್ತು. ಎಷ್ಟು ಹಮಾಲರ ಬೆನ್ನು ಬಾಗಿತೋ!

ಒಳಗೆ ನನಗೆ ತುಂಬಾ ಹಿಡಿಸಿದ್ದು ಇಎಸ್ 506 ಅನ್ನುವ ಇಂಜಿನ್. ಇಂಗ್ಲೆಂಡಿನ ಸ್ಟಾಫರ್ಡ್‌ನ ಬ್ಯಾಗ್ನಾಲ್ ಕಂಪನಿ ಮಾಡಿದ್ದು. ಮುಂದೆ ನಾಲ್ಕು ಸಣ್ಣ ಗಾಲಿ, ನಡುವೆ ಆರು ದೊಡ್ಡ ಗಾಲಿ, ಹಿಂದೆ ಎರಡು. ರೈಲ್ವೆಯವರು ಇದನ್ನು ಫೋರ್-ಸಿಕ್ಸ್-ಟೂ ಅನ್ನುತ್ತಾರೆ. ಎಳೆಯುವ ಕೆಲಸ ನಡುವಿನ ಆರು ಗಾಲಿಯದ್ದು. ಮುಂದಿನ ನಾಲ್ಕು ತಿರುವಿನಲ್ಲಿ ದಾರಿ ತೋರಿಸಲು, ಹಿಂದಿನ ಎರಡು ಕಲ್ಲಿದ್ದಲು ಉರಿಯುವ ಬೆಂಕಿಪೆಟ್ಟಿಗೆಯ (ಫೈರ್‌ಬಾಕ್ಸ್) ಭಾರ ಹೊರಲು.

ದೊಡ್ಡಪ್ಪ ಇಂಜಿನ್ನಿನ ಪಕ್ಕ ನಿಂತು ಮಾತು ಶುರು ಮಾಡಿದರೆ ಸುತ್ತ ನಾಲ್ಕೈದು ಜನ ಸೇರಿಬಿಟ್ಟರು.

"ಬಾಯ್ಲರ್ ಒಳಗೆ ಬರೀ ನೀರಿರತ್ತೆ ಅನ್ಕೊಂಡಿದ್ದೀರಾ? ಇಲ್ಲ. ಉದ್ದುದ್ದ ಕೊಳವೆಗಳು ಇರ್ತವೆ, ಈ ತುದಿಯಿಂದ ಆ ತುದಿಗೆ. ಬೆಂಕಿಯ ಬಿಸಿ ಗಾಳಿ ಕೊಳವೆ ಒಳಗೆ, ನೀರು ಕೊಳವೆ ಹೊರಗೆ. ಹಬೆ ಆಗೋದು ಹಾಗೆ. ಆ ಹಬೆ ಇಲ್ಲಿ ಸಿಲಿಂಡರಿಗೆ ಬಂದು ಪಿಸ್ಟನ್ ತಳ್ಳತ್ತೆ. ಕೆಲಸ ಮುಗಿಸಿದ ಹಬೆ ಚಿಮಣಿಯಿಂದ ಜೋರಾಗಿ ಹೊರಗೆ ಹೋಗತ್ತೆ. ಹೋಗುವಾಗ ಬೆಂಕಿಯ ಗಾಳಿಯನ್ನೂ ಎಳ್ಕೊಂಡು ಹೋಗತ್ತೆ. ಅಂದ್ರೆ ಇಂಜಿನ್ ಜಾಸ್ತಿ ದುಡಿದಷ್ಟೂ ಬೆಂಕಿ ತಾನಾಗೇ ಜಾಸ್ತಿ ಉರಿಯತ್ತೆ."

ನಾವು ಛುಕುಬುಕು ಅನ್ನುವ ಸದ್ದು ಆ ಹಬೆ ಹೊರಬೀಳುವ ಸದ್ದೇ. ಎರಡು ಸಿಲಿಂಡರಿನ ಇಂಜಿನ್ನಿನಲ್ಲಿ ದೊಡ್ಡ ಗಾಲಿ ಒಂದು ಸುತ್ತು ತಿರುಗಿದರೆ ನಾಲ್ಕು ಸಲ ಈ ಸದ್ದು. ಕಣ್ಣು ಮುಚ್ಚಿಕೊಂಡು ಸದ್ದು ಕೇಳಿಯೇ ಇಂಜಿನ್ ಹೇಗಿದೆ ಅಂತ ಹೇಳುತ್ತಿದ್ದೆವು ಅಂದರು ದೊಡ್ಡಪ್ಪ. ನಾಲ್ಕೂ ಏಟು ಒಂದೇ ಸಮ ಬಿದ್ದರೆ ಸರಿ ಇದೆ. ಒಂದು ಏಟು ಕುಂಟಿದರೂ ಶೆಡ್ಡಿಗೆ ಹೋದ ಮೇಲೆ ಹೇಳಲೇಬೇಕು.

ಆಮೇಲೆ ಅವರು ಸಲಿಕೆ ಹಿಡಿದವರ ಹಾಗೆ ನಿಂತು ತೋರಿಸಿದರು. ಎಡಗಾಲು ಮುಂದೆ, ಮೊಣಕಾಲು ಸ್ವಲ್ಪ ಬಾಗಿದೆ. ಇಂಜಿನ್ನಿನ ಹಿಂದೆ ಕಲ್ಲಿದ್ದಲು ಹೊತ್ತ ಟೆಂಡರ್ ಕಡೆ ತಿರುಗಿ ಸಲಿಕೆ ತುಂಬುವುದು, ಸೊಂಟ ತಿರುಗಿಸಿ ಬೆಂಕಿಬಾಯಿಗೆ ಎಸೆಯುವುದು. ಸುಮ್ನೆ ಒಂದೇ ಕಡೆ ಗುಡ್ಡೆ ಹಾಕುವ ಹಾಗಿಲ್ಲ. ಮೂಲೆಗಳಿಗೆ, ಆಮೇಲೆ ಅಂಚಿಗೆ, ಆಮೇಲೆ ನಡುವೆ, ತೆಳ್ಳಗೆ ಹರಡಬೇಕು. ಗುಡ್ಡೆ ಬಿದ್ದರೆ ಹೊಗೆ ಕಪ್ಪಗೆ ಬರುತ್ತದೆ, ಹಬೆ ಇಳಿಯುತ್ತದೆ, ಡ್ರೈವರ್ ಬೈಯುತ್ತಾನೆ. ಇದನ್ನೆಲ್ಲ ಓಡುವ ಇಂಜಿನ್ನಿನ ಕುಲುಕಾಟದಲ್ಲಿ ಮಾಡಬೇಕು. ಎದುರು ಬೆಂಕಿ, ಹಿಂದಿನಿಂದ ಮಳೆ. ಎಪ್ಪತ್ತು ದಾಟಿದ ಮನುಷ್ಯನ ಮೈಯಲ್ಲಿ ಆ ಚಲನೆ ಇನ್ನೂ ಹಾಗೇ ಕೂತಿದೆ. ಸಲಿಕೆಯೇ ಇಲ್ಲದೆ ಅವರ ಮಣಿಕಟ್ಟು ಕೊನೆಯಲ್ಲಿ ಸ್ವಲ್ಪ ತಿರುಗಿತು. ಕಲ್ಲಿದ್ದಲು ಮೂಲೆಗೆ ಬೀಳುವುದು ಆ ತಿರುವಿನಿಂದ.

"ಭಯ ಆಗ್ತಿರ್ಲಿಲ್ವಾ ತಾತ?" ಅಂದ ಮಗ.

"ನೀರಿಗೆ ಭಯ" ಅಂದರು. ಬೆಂಕಿಪೆಟ್ಟಿಗೆಯ ಮೇಲಿನ ತಗಡಿನ ಮೇಲೆ ಯಾವಾಗಲೂ ನೀರು ಇರಲೇಬೇಕು. ಕ್ಯಾಬಿನ್ನಿನಲ್ಲಿ ಒಂದು ಗಾಜಿನ ನಳಿಗೆ ಇರುತ್ತದೆ, ನೀರಿನ ಮಟ್ಟ ತೋರಿಸಲು. ಫೈರ್‌ಮನ್ ಕಣ್ಣು ಅದರ ಮೇಲೆಯೇ. ಒಂದು ವೇಳೆ ನೀರು ಇಳಿದೇ ಹೋದರೆ ತಗಡಿನಲ್ಲಿ ಕೂರಿಸಿದ ಸೀಸದ ಬಿರಡೆ ಕರಗಿ, ಹಬೆ ಬೆಂಕಿಗೆ ನುಗ್ಗಿ ಎಚ್ಚರಿಸುತ್ತದೆ. ಇಲ್ಲದಿದ್ದರೆ ಬಾಯ್ಲರ್ ಸಿಡಿಯುತ್ತದೆ.

ಶ್ರೀರಂಗ ಪೆವಿಲಿಯನ್ ಕಡೆ ಹೋದೆವು. ಅಲ್ಲಿ ರಾಜಮನೆತನದ ಬೋಗಿಗಳಿವೆ. ಮಹಾರಾಣಿಯವರ ಸಲೂನ್ 1899ರದ್ದು. ಬೋಗಿಯಲ್ಲೇ ಅಡುಗೆಮನೆ, ಊಟದ ಜಾಗ, ಮಲಗುವ ಕೋಣೆ, ಶೌಚಾಲಯ ಎಲ್ಲ ಇವೆ. ಹೆಚ್ಚಿನವರು ವೈಭವ ನೋಡಿ, ಫೋಟೋ ತೆಗೆದು ಮುಂದೆ ಹೋಗುತ್ತಾರೆ. ನಾನು ಆ ಇಸವಿಯ ಮುಂದೆ ನಿಂತುಬಿಟ್ಟೆ. ಚಾಮರಾಜ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತಾದಲ್ಲಿ ತೀರಿಕೊಂಡಾಗ ನಾಲ್ವಡಿ ಕೃಷ್ಣರಾಜರಿಗೆ ಹತ್ತು ವರ್ಷ. 1902ರವರೆಗೆ ರಾಜ್ಯ ನಡೆಸಿದವರು ತಾಯಿ, ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು. ಈ ಬೋಗಿ ಹುಟ್ಟಿದ ವರ್ಷ ಸೀಮೆಯಲ್ಲಿ ಪ್ಲೇಗಿನ ಭಯ ಇತ್ತು, ಶಿವನಸಮುದ್ರದಲ್ಲಿ ವಿದ್ಯುತ್ ಮಾಡುವ ಮಾತು ನಡೆಯುತ್ತಿತ್ತು, ಮಾರಿಕಣಿವೆಯಲ್ಲಿ ಅಣೆಕಟ್ಟಿನ ಕೆಲಸ ಹಿಡಿದಿದ್ದರು. ಇಷ್ಟೆಲ್ಲದರ ಹೊಣೆ ಒಬ್ಬ ವಿಧವೆ ತಾಯಿಯ ಹೆಗಲ ಮೇಲಿತ್ತು. ಮಹಾರಾಣಿ ಸಲೂನ್ ಅಂದಾಗ ಬರೀ ರೇಷ್ಮೆ ಪರದೆ ನೆನಪಾದರೆ ಸಾಲದು. ಆ ಕಾಲದಲ್ಲಿ ಒಂದು ರಾಜ್ಯವನ್ನು ಆಳುತ್ತಿದ್ದ ಹೆಂಗಸಿನ ನೆನಪೂ ಬರಬೇಕು. ಇಲ್ಲಿಗೆ ಬರುವ ಶಾಲೆಯ ಹೆಣ್ಣುಮಕ್ಕಳಿಗೆ ಈ ವಿಷಯವನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕು ಅಂತ ನನಗೆ ತುಂಬಾ ಅನಿಸಿತು.

ಮಗನಿಗೆ ಇಷ್ಟವಾದದ್ದು ಆಸ್ಟಿನ್ ಕಾರು. ರಸ್ತೆಯ ಮೋಟಾರಿಗೆ ಕಬ್ಬಿಣದ ಗಾಲಿ ಹಾಕಿ ಹಳಿಯ ಮೇಲೆ ಬಿಟ್ಟಿದ್ದಾರೆ. ಹಳಿಯ ತಪಾಸಣೆಗೆ ಇಂಥ ಗಾಡಿಗಳು ಓಡಾಡುತ್ತಿದ್ದವಂತೆ. ಅವನು ಅದರ ಸುತ್ತ ಎಷ್ಟು ಸಲ ತಿರುಗಿದನೋ.

ಚಾಮುಂಡಿ ಗ್ಯಾಲರಿಯಲ್ಲಿ ಹಳೆಯ ಫೋಟೋ, ಚಿತ್ರಗಳಿವೆ. ನಿಧಾನವಾಗಿ ನೋಡಿದರೆ ರೈಲು ಬೆಳೆದು ಬಂದ ಬಗೆ ತಿಳಿಯುತ್ತದೆ. ಅಂಗಳಕ್ಕೆ ಬಂದಾಗ ದೊಡ್ಡಪ್ಪ ಸಿಗ್ನಲ್ ಕಥೆ ಶುರು ಮಾಡಿದರು. ಕೈಮರದ ಕೈ ಅಡ್ಡ ಇದ್ದರೆ ನಿಲ್ಲು, ಕೆಳಗೆ ಬಾಗಿದರೆ ಹೋಗು. ರಾತ್ರಿಗೆ ಅದರ ಹಿಂದೆ ಸೀಮೆಎಣ್ಣೆ ದೀಪ. ಅದಕ್ಕಿಂತ ಮುಖ್ಯ ಟೋಕನ್. ಒಂಟಿ ಹಳಿಯಲ್ಲಿ ಎದುರುಬದುರು ಗಾಡಿ ಬಂದರೆ ಗತಿ ಏನು? ಅದಕ್ಕೆ ಎರಡು ಸ್ಟೇಷನ್ನಿನಲ್ಲೂ ಒಂದೊಂದು ಯಂತ್ರ. ನಡುವೆ ತಂತಿಯ ಸಂಪರ್ಕ. ಟೋಕನ್ ಅಂದರೆ ಅದರೊಳಗಿನ ಕಬ್ಬಿಣದ ಗುಂಡು. ಒಂದು ಗುಂಡು ಹೊರಗೆ ಬಂದರೆ, ಅದು ಮತ್ತೆ ಒಳಗೆ ಹೋಗುವವರೆಗೆ ಎರಡನೇ ಗುಂಡು ಯಾವ ಯಂತ್ರದಿಂದಲೂ ಬರುವುದಿಲ್ಲ. ಗುಂಡು ಕೈಗೆ ಸಿಗದೆ ಡ್ರೈವರ್ ಹೊರಡುವ ಹಾಗಿಲ್ಲ. ಗುಂಡನ್ನು ಚರ್ಮದ ಚೀಲಕ್ಕೆ ಹಾಕಿ, ಅದಕ್ಕೆ ಬೆತ್ತದ ದೊಡ್ಡ ಬಳೆ ಕಟ್ಟಿರುತ್ತಾರೆ. ನಿಲ್ಲದ ಗಾಡಿಯಾದರೆ ಪ್ಲಾಟ್‌ಫಾರಂ ಮೇಲೆ ನಿಂತವನು ಬಳೆ ಎತ್ತಿ ಹಿಡಿಯುತ್ತಾನೆ. ಫೈರ್‌ಮನ್ ಹೊರಗೆ ಬಾಗಿ ತೋಳು ತೂರಿಸಿ ಅದನ್ನು ಹಿಡಿಯಬೇಕು. ಹಳೆಯದನ್ನು ಅದೇ ಹೊತ್ತಿಗೆ ಕೆಳಗೆ ಎಸೆಯಬೇಕು. ದೊಡ್ಡಪ್ಪ ತೋಳು ಮಡಿಸಿ, ಬಳೆ ಬಡಿಯುತ್ತಿದ್ದ ಜಾಗ ತೋರಿಸಿದರು. "ಮಳೆಗಾಲದ ರಾತ್ರಿ ಹಿಡಿದು ನೋಡು, ಗೊತ್ತಾಗತ್ತೆ" ಅಂದರು.

ಕೊನೆಗೆ ಪುಟಾಣಿ ರೈಲು. ದೊಡ್ಡಪ್ಪನೂ ಹತ್ತಿ ಕೂತರು.

ಶನಿವಾರ, ಶ್ರೀರಂಗಪಟ್ಟಣ

ಮೈಸೂರಿನಿಂದ ಬೆಂಗಳೂರಿನ ಕಡೆ ಹೋಗುವ ಗಾಡಿ ಹಿಡಿದರೆ ನಾಗನಹಳ್ಳಿ ದಾಟಿ ಕಾವೇರಿ ಸಿಗುತ್ತಾಳೆ. ಸೇತುವೆ ಬಂದ ಕೂಡಲೇ ಬೋಗಿಯಲ್ಲಿ ಒಂದಿಬ್ಬರು ಕೈಮುಗಿದರು, ಒಬ್ಬರು ನಾಣ್ಯ ಎಸೆದರು. ಶ್ರೀರಂಗಪಟ್ಟಣದ ಸ್ಟೇಷನ್ ಇರುವುದು ಕೋಟೆಯ ಒಳಗೇ. ಇಳಿದು ನಡೆದರೆ ರಂಗನಾಥಸ್ವಾಮಿ ದೇವಸ್ಥಾನ ಹತ್ತಿರ.

ಈ ಊರಿಗೆ ಬರುವವರು 1799ರ ಮೇ 4ರ ಕಥೆ ಕೇಳಲು ಬರುತ್ತಾರೆ. ಟಿಪ್ಪು ಬಿದ್ದ ಜಾಗ, ಬೇಸಿಗೆ ಅರಮನೆ ದರಿಯಾ ದೌಲತ್, ಗುಂಬಜ್. ನಾವು ಬಂದದ್ದು ಬೇರೆ ಕಟ್ಟಡ ನೋಡಲು. ಸ್ಟೇಷನ್ ಹತ್ತಿರ ಟಿಪ್ಪು ಕಾಲದ ಒಂದು ಶಸ್ತ್ರಾಗಾರ ಇದೆ. ಇಟ್ಟಿಗೆ, ಗಾರೆಯ ಗಟ್ಟಿ ಕಟ್ಟಡ. ಬೆಂಗಳೂರು–ಮೈಸೂರು ಮಾರ್ಗಕ್ಕೆ ಜೋಡಿ ಹಳಿ ಹಾಕುವಾಗ ಇದು ಎರಡನೇ ಹಳಿಯ ದಾರಿಗೆ ಸರಿಯಾಗಿ ಅಡ್ಡ ಸಿಕ್ಕಿತು. ಬೇರೆ ಕಡೆ ಹಳಿ ಮುಗಿಯುತ್ತಾ ಬಂದರೂ ಇಲ್ಲಿ ಕೆಲಸ ನಿಂತಿತ್ತು. ಕೆಡವುವ ಹಾಗಿಲ್ಲ, ಹಳಿ ಬೇರೆ ಕಡೆ ತಿರುಗಿಸಲು ಜಾಗ ಇಲ್ಲ.

ಕೊನೆಗೆ 2017ರ ಮಾರ್ಚ್‌ನಲ್ಲಿ ಕಟ್ಟಡವನ್ನೇ ಎತ್ತಿ ಸರಿಸಿದರು. ಸುಮಾರು 1000 ಟನ್ ತೂಕ. ಸುಮಾರು 130 ಮೀಟರ್ ದೂರ. ಅಮೆರಿಕದ ಕಟ್ಟಡ ಸಾಗಿಸುವ ತಂಡವೊಂದು ನಮ್ಮ ಇಂಜಿನಿಯರುಗಳ ಜೊತೆ ಸೇರಿ ಈ ಕೆಲಸ ಮಾಡಿತು. ಸುತ್ತಲಿನ ಮಣ್ಣು ತೆಗೆದು, ಬುಡದಲ್ಲಿ ಉಕ್ಕಿನ ತೊಲೆ ತೂರಿಸಿ, ಜಾಕ್‌ಗಳಿಂದ ಮೇಲೆತ್ತಿ, ಇಂಚಿಂಚಾಗಿ ಹೊಸ ಜಾಗಕ್ಕೆ ತಂದರು.

ದೊಡ್ಡಪ್ಪ ಆಗ ನೋಡಲು ಬಂದಿದ್ದರಂತೆ. "ಜನ ಜಾತ್ರೆ ಥರ ಸೇರಿದ್ರು ಕಣಮ್ಮ. ಎಲ್ಲರೂ ಗೋಡೆ ಬಿರುಕು ಬಿಡತ್ತೇನೋ ಅಂತ ಅದನ್ನೇ ನೋಡ್ತಿದ್ರು. ಸರಿಯೋದೇ ಕಣ್ಣಿಗೆ ಕಾಣ್ತಿರ್ಲಿಲ್ಲ. ಊಟ ಮಾಡ್ಕೊಂಡು ಬಂದು ನೋಡಿದ್ರೆ, ಅರೆ, ಮುಂದಕ್ಕೆ ಹೋಗಿದೆ!"

ನಾನು ಗೋಡೆಯ ಹತ್ತಿರ ಹೋಗಿ ನೋಡಿದೆ. ತೆಳ್ಳಗಿನ ಹಳೇ ಇಟ್ಟಿಗೆ, ನಡುವೆ ದಪ್ಪನೆಯ ಗಾರೆ. ಮದ್ದುಗುಂಡಿಗೆ ತಂಪಿರಲಿ, ಸಿಡಿದರೂ ಹೊರಗೆ ಅಪಾಯ ಆಗದಿರಲಿ ಅಂತ ನೆಲಮಟ್ಟಕ್ಕಿಂತ ತಗ್ಗಿನಲ್ಲಿ ಕಟ್ಟಿದ ಕಟ್ಟಡ ಇದು. ಯುದ್ಧದ ಕಾಲದಲ್ಲಿ ಕಟ್ಟಿದ್ದನ್ನು ಒಂದು ರೈಲು ಹಳಿಗೋಸ್ಕರ ಒಡೆದು ಹಾಕಿದ್ದರೆ ಯಾರು ಕೇಳುತ್ತಿದ್ದರು? ಕಾಮಗಾರಿ ತಡವಾದರೂ ಪರವಾಗಿಲ್ಲ, ಖರ್ಚಾದರೂ ಪರವಾಗಿಲ್ಲ, ಉಳಿಸೋಣ ಅಂತ ತೀರ್ಮಾನ ಮಾಡಿದರಲ್ಲ, ಅದು ನನಗೆ ದೊಡ್ಡದಾಗಿ ಕಂಡಿತು. ಮ್ಯೂಸಿಯಂ ಅಂದರೆ ಗೇಟು, ಟಿಕೆಟ್ಟು ಇರುವ ಜಾಗ ಮಾತ್ರ ಅಲ್ಲ ಅಂತ ದೊಡ್ಡಪ್ಪ ಫೋನಿನಲ್ಲಿ ಹೇಳಿದ್ದು ಇದನ್ನೇ ಇರಬೇಕು. ಹಳಿಯ ಪಕ್ಕದಲ್ಲೇ ಹಳೆಯದೂ ಇರಲಿ, ಹೊಸ ಗಾಡಿಯೂ ಓಡಲಿ. ಎರಡೂ ಆಗುತ್ತದೆ. ಆಗಿದೆ.

ನಾವಿದ್ದಾಗಲೇ ಬಿಳಿ–ನೀಲಿ ಬಣ್ಣದ ವಂದೇ ಭಾರತ್ ಸರ್ರನೆ ಹೋಯಿತು. ಚೆನ್ನೈ–ಮೈಸೂರು ನಡುವೆ 2022ರ ನವೆಂಬರಿನಲ್ಲಿ ಶುರುವಾದದ್ದು, ದಕ್ಷಿಣ ಭಾರತದ ಮೊದಲನೇ ವಂದೇ ಭಾರತ್ ಅದು. ಮಗ ಕೂಗಿಕೊಂಡು ಕೈಬೀಸಿದ.

ಮಧ್ಯಾಹ್ನ ಬಿಸಿಲು ಏರಿತು. ಊಟ ಮುಗಿಸಿ ವೆಲ್ಲೆಸ್ಲಿ ಸೇತುವೆ ನೋಡಿ ಬಂದೆವು. 1804ರಲ್ಲಿ ದಿವಾನ್ ಪೂರ್ಣಯ್ಯನವರು ಕಟ್ಟಿಸಿದ್ದು. ನೀರಿನಲ್ಲಿ ನೆಟ್ಟ ಕಲ್ಲುಕಂಬಗಳ ಮೇಲೆ ಕಲ್ಲುಚಪ್ಪಡಿ. ಎಷ್ಟು ಪ್ರವಾಹ ಕಂಡಿದೆಯೋ, ನಿಂತಿದೆ. ಸೇತುವೆಗಳ ವಿಷಯದಲ್ಲಿ ಮರುದಿನ ಇದಕ್ಕಿಂತ ದೊಡ್ಡದು ಕಾದಿತ್ತು.

ಭಾನುವಾರ, ನಂಜನಗೂಡು

ಚಾಮರಾಜನಗರದ ಗಾಡಿ. ಸೀಟು ಆರಾಮಾಗಿ ಸಿಕ್ಕಿತು. ಚಾಮರಾಜಪುರಂ, ಅಶೋಕಪುರಂ, ಕಡಕೊಳ. ಅಶೋಕಪುರಂ ಬಂದಾಗ ದೊಡ್ಡಪ್ಪ ಕಿಟಕಿಗೆ ಮುಖ ಕೊಟ್ಟು ರೈಲ್ವೆ ವರ್ಕ್‌ಶಾಪ್ ಕಡೆ ನೋಡುತ್ತಾ ಕೂತರು. ಅವರ ಜೊತೆಯವರು ಎಷ್ಟೋ ಜನ ಅಲ್ಲಿ ದುಡಿದವರು. ಮೈಸೂರಿನಲ್ಲಿ ಒಂದು ಬೀದಿ ಬಿಟ್ಟು ಒಂದು ಬೀದಿಯಲ್ಲಿ ರೈಲ್ವೆ ಮನೆಯವರು ಸಿಗುವುದು ಇದೇ ಕಾರಣಕ್ಕೆ.

ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಇಲ್ಲಿ ಕಪಿಲೆಯನ್ನು, ಅಂದರೆ ಕಬಿನಿಯನ್ನು, ದಾಟಬೇಕಿತ್ತು. ಹೊಸ ಸೇತುವೆ ಕಟ್ಟಲಿಲ್ಲ. ಅಲ್ಲಿ ಆಗಲೇ ಒಂದು ಸೇತುವೆ ಇತ್ತು. 1735ರಲ್ಲಿ ದಳವಾಯಿ ದೇವರಾಜಯ್ಯನವರು ಕಟ್ಟಿಸಿದ್ದು. ಸುಮಾರು 225 ಮೀಟರ್ ಉದ್ದ. ಅದರ ಮೇಲೆಯೇ ಹಳಿ ಹಾಕಿಬಿಟ್ಟರು!

ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಇಂಗ್ಲೆಂಡಿನ ಸ್ಟಾಕ್‌ಟನ್–ಡಾರ್ಲಿಂಗ್‌ಟನ್ ನಡುವೆ ಉಗಿಬಂಡಿ ಎಳೆದ ಮೊದಲ ಸಾರ್ವಜನಿಕ ರೈಲು ಓಡಿದ್ದು 1825ರಲ್ಲಿ. ಅದಕ್ಕೆ 90 ವರ್ಷ ಮೊದಲೇ ಈ ಸೇತುವೆ ಕಟ್ಟಿ ಮುಗಿದಿತ್ತು. ಕಟ್ಟಿದವರ ತಲೆಯಲ್ಲಿ ಇದ್ದದ್ದು ಎತ್ತಿನಗಾಡಿ, ಕುದುರೆ, ನಂಜುಂಡೇಶ್ವರನ ಜಾತ್ರೆಗೆ ಬರುವ ಜನ. ಕಬ್ಬಿಣದ ಇಂಜಿನ್ ಅನ್ನುವ ವಸ್ತುವನ್ನು ಅವರು ಕಂಡಿರಲಿಲ್ಲ, ಕೇಳಿರಲಿಲ್ಲ. ಆದರೂ 156 ವರ್ಷ ಆದ ಮೇಲೆ ಬಂದ ಇಂಜಿನ್ನನ್ನು ಆ ಕಲ್ಲುಕಮಾನುಗಳು ಹೊತ್ತವು. ಒಂದೆರಡು ವರ್ಷ ಅಲ್ಲ, ನೂರಕ್ಕೂ ಜಾಸ್ತಿ ವರ್ಷ. ಒಂದು ಪಕ್ಕ ರಸ್ತೆ, ಇನ್ನೊಂದು ಪಕ್ಕ ಮೀಟರ್‌ಗೇಜ್ ಹಳಿ.

ಸ್ಟೇಷನ್ನಿನಲ್ಲಿ ಇಳಿದು, ಕಾಫಿ ಕುಡಿದು ಅಲ್ಲಿಗೆ ಹೋದೆವು. ಸೇತುವೆಯ ಬದಿಗೆ ಇಳಿದು ಕೆಳಗಿನಿಂದ ನೋಡಿದರೆ ಅದರ ಗಟ್ಟಿತನ ಅರ್ಥವಾಗುತ್ತದೆ. ಮೋಟು ಮೋಟಾದ ದಪ್ಪ ಕಂಬಗಳು, ಅವುಗಳ ನಡುವೆ ಚೂಪು ತುದಿಯ ಕಮಾನುಗಳು. ಕಮಾನಿನ ಗುಟ್ಟೇ ಅದು. ಮೇಲಿನ ಭಾರ ಕಲ್ಲುಗಳನ್ನು ಒಂದಕ್ಕೊಂದು ಒತ್ತುತ್ತದೆ, ಭಾರ ಬಿದ್ದಷ್ಟೂ ಅವು ಬಿಗಿಯಾಗುತ್ತವೆ.

"ನೀವು ಇದರ ಮೇಲೆ ಗಾಡಿ ಓಡ್ಸಿದ್ದೀರಾ ತಾತ?"

"ಓಡ್ಸೋದೇನು, ನಡೆಸ್ಕೊಂಡು ಹೋಗ್ತಿದ್ವಿ. ಸೇತುವೆ ಬರೋಕ್ಕೆ ಮೊದ್ಲೇ ಹಬೆ ಬಿಡೋ ರೆಗ್ಯುಲೇಟರ್ ಮುಚ್ಚೋದು. ಪಕ್ಕದಲ್ಲಿ ಸೈಕಲ್‌ನವನು ನಮಗಿಂತ ಮುಂದೆ ಹೋಗ್ತಿದ್ದ. ಎತ್ತಿನಗಾಡಿ ಇದ್ರೆ ಸೀಟಿ ಹೊಡೀತಿರ್ಲಿಲ್ಲ. ಎತ್ತು ಬೆದರಿದ್ರೆ ಏನು ಗತಿ, ಹೇಳು? ಗಾಡಿಯವನೇ ಎತ್ತಿನ ಕಣ್ಣಿಗೆ ಟವೆಲ್ ಅಡ್ಡ ಹಿಡೀತಿದ್ದ. ಇಬ್ಬರೂ ಮುಖ ನೋಡ್ಕೊಂಡು ತಲೆ ಆಡಿಸ್ಕೊಂಡು ಹೋಗ್ತಿದ್ವಿ."

ದೊಡ್ಡಪ್ಪ ಓಡಿಸಿದ್ದು ವೈಪಿ, ವೈಜಿ ಇಂಜಿನ್‌ಗಳ ಕಾಲ. ವೈಪಿ ಪ್ಯಾಸೆಂಜರ್ ಗಾಡಿಗೆ, ವೈಜಿ ಗೂಡ್ಸ್‌ಗೆ. ಜೆಮ್‌ಶೆಡ್‌ಪುರದ ಟೆಲ್ಕೋದಲ್ಲಿ ಸಾಲುಸಾಲಾಗಿ ತಯಾರಾದವು ಅವು. ಹೊರದೇಶದ ಬ್ಯಾಗ್ನಾಲ್ ಇಂಜಿನ್ನನ್ನು ಮೆಚ್ಚಿ ಮಾತಾಡಿದ ದೊಡ್ಡಪ್ಪ, ವೈಪಿ ಮಾತು ಬಂದರೆ ಮಾತ್ರ ಮನೆಯ ಎತ್ತಿನ ಬಗ್ಗೆ ರೈತ ಮಾತಾಡಿದ ಹಾಗೆ ಮಾತಾಡುತ್ತಾರೆ. ಯಾವ ನಂಬರಿನದ್ದು ಏರಿನಲ್ಲಿ ಗಟ್ಟಿ, ಯಾವುದು ನೀರು ಜಾಸ್ತಿ ಕುಡಿಯುತ್ತಿತ್ತು, ಎಲ್ಲ ಬಾಯಲ್ಲೇ ಇದೆ.

ಈ ಮಾರ್ಗ ಬ್ರಾಡ್‌ಗೇಜ್ ಆದಾಗ ನದಿಗೆ ಹೊಸ ರೈಲು ಸೇತುವೆ ಬಂತು. ಹಳೆಯದಕ್ಕೆ ವಿಶ್ರಾಂತಿ ಸಿಕ್ಕಿತು. ಅದನ್ನು ಕೆಡವದೆ ಪಾರಂಪರಿಕ ಸ್ಮಾರಕ ಅಂತ ಉಳಿಸಿಕೊಂಡದ್ದು ರೈಲ್ವೆಯೇ. ಶ್ರೀರಂಗಪಟ್ಟಣದ ಶಸ್ತ್ರಾಗಾರದ ಹಾಗೆ ಇದೂ ಒಳ್ಳೆಯ ತೀರ್ಮಾನ. ನನ್ನ ಆಸೆ ಇಷ್ಟೇ: ಮೈಸೂರಿನ ಮ್ಯೂಸಿಯಂ ನೋಡಿದ ಪ್ರತಿ ಶಾಲೆಯ ಮಕ್ಕಳನ್ನೂ ಇಲ್ಲಿಗೆ ಕರೆತರಬೇಕು. ಅಲ್ಲಿ ಇಂಜಿನ್ ಇದೆ, ಇಲ್ಲಿ ಆ ಇಂಜಿನ್ ಓಡಿದ ಕಲ್ಲುದಾರಿ ಇದೆ. ಎರಡನ್ನೂ ನೋಡಿದ ಮಗುವಿಗೆ ಇತಿಹಾಸ ಪುಸ್ತಕದ ಪಾಠ ಆಗಿ ಉಳಿಯುವುದಿಲ್ಲ. ನನ್ನ ಮಗನನ್ನೇ ನೋಡಿದೆನಲ್ಲ. ಶುಕ್ರವಾರ ಮಾರು ಹಾಕಿ ಅಳೆದವನು ಸೇತುವೆಯ ಮೇಲೆ ತಾನಾಗಿಯೇ ಕೈ ಚಾಚಿ ನಿಂತು, ಹಳಿ ಇಲ್ಲಿಂದ ಇಲ್ಲಿಗೆ ಬರುತ್ತಿತ್ತು ಅಲ್ವಾ ಅಂತ ಜಾಗ ಗುರುತು ಮಾಡುತ್ತಿದ್ದ.

ದೇವಸ್ಥಾನಕ್ಕೆ ಹೋದೆವು. ಭಾನುವಾರ ಆದ್ದರಿಂದ ಸರದಿ ಉದ್ದ ಇತ್ತು. ದರ್ಶನ ಮುಗಿಸಿ ಹೊರಗೆ ರಸಬಾಳೆ ಹುಡುಕಿದೆವು. ನಂಜನಗೂಡು ರಸಬಾಳೆ ಈಗ ಬೆಳೆಯುವವರೇ ಕಡಿಮೆ, ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ದೊಡ್ಡಪ್ಪ ಎರಡು ಅಂಗಡಿಯ ಹಣ್ಣು ಮೂಸಿ ನೋಡಿ ಬೇಡ ಅಂದರು, ಮೂರನೇ ಕಡೆ ಒಪ್ಪಿದರು.

ಹಳಿ ಇಲ್ಲಿಂದ ಮುಂದೆ 1926ರಲ್ಲಿ ಚಾಮರಾಜನಗರ ಮುಟ್ಟಿತು. ಅದರಾಚೆಗೆ ಸತ್ಯಮಂಗಲದ ಕಡೆ ಕಾಡು ದಾಟಿ ತಮಿಳುನಾಡಿಗೆ ಜೋಡಿಸುವ ಮಾತು ಬಹಳ ಕಾಲದಿಂದ ಇದೆ, ಹಳಿ ಮಾತ್ರ ಚಾಮರಾಜನಗರಕ್ಕೇ ಮುಗಿಯುತ್ತದೆ. ಆನೆ, ಹುಲಿ ಇರುವ ಆ ಕಾಡಿನಲ್ಲಿ ಹಳಿ ಬಾರದಿದ್ದರೇ ಒಳ್ಳೆಯದು ಅಂತ ನನಗನಿಸುತ್ತದೆ. ದೊಡ್ಡಪ್ಪ ಒಪ್ಪಲಿಲ್ಲ. ಮೈಸೂರಿಗೆ ವಾಪಸ್ ಬರುವವರೆಗೂ ಅದೇ ವಾದ ನಡೆಯಿತು.

ಹೋಗುವವರಿಗೆ ಎರಡು ಮಾತು. ಮೊದಲು ಮ್ಯೂಸಿಯಂ ನೋಡಿ, ಆಮೇಲೆ ಉಳಿದೆರಡು ಊರು. ಗೇಜ್, ಕೈಮರ, ಟೋಕನ್ ಕಣ್ಣಿಗೆ ಪರಿಚಯವಾದ ಮೇಲೆ ಹಳಿಯ ಪಕ್ಕದ ಒಂದೊಂದು ವಸ್ತುವೂ ಗುರುತು ಸಿಗುತ್ತದೆ. ಮೂರು ಕಡೆಗೂ ರೈಲಿನಲ್ಲೇ ಹೋಗಬಹುದು. ನಂಜನಗೂಡಿನ ಕಡೆ ಗಾಡಿಗಳು ಕಡಿಮೆ, ಹೊರಡುವ ಮುಂಚೆ ವೇಳಾಪಟ್ಟಿ ನೋಡಿಕೊಳ್ಳಿ. ಬೇಸಿಗೆಯಲ್ಲಾದರೆ ಮ್ಯೂಸಿಯಂಗೆ ಬೆಳಗ್ಗೆಯೇ ಹೋಗಿ, ಮಧ್ಯಾಹ್ನದ ಹೊತ್ತಿಗೆ ಇಂಜಿನ್‌ಗಳ ಕಬ್ಬಿಣ ಮುಟ್ಟಲಾಗದಷ್ಟು ಕಾದಿರುತ್ತದೆ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ರೈಲ್ವೆಯಲ್ಲಿ ದುಡಿದ ಹಿರಿಯರು ಇದ್ದರೆ ದಯವಿಟ್ಟು ಅವರನ್ನೂ ಕರೆದುಕೊಂಡು ಹೋಗಿ, ಸ್ಟೀಮ್ ಕಾಲದವರು ಈಗ ಹೆಚ್ಚು ಜನ ಉಳಿದಿಲ್ಲ.